ಲಿಥಿಯಂ ಸೆಲ್ಲಿನಿಂದ ಬಿಳಿ ಬ್ಯಾಕ್‌ಲೈಟ್: ಚಾರ್ಜು ಎಲ್ಲಿ ಪೋಲಾಗುತ್ತದೆ, ಹೇಗೆ ಉಳಿಸುವುದು

ಮೈಕ್ರೋಕಂಟ್ರೋಲರನ್ನು ಮಲಗಿಸಿ, ಎಬ್ಬಿಸಿ, ಮೈಕ್ರೋಆಂಪಿಯರ್ ಲೆಕ್ಕದಲ್ಲಿ ಉಳಿತಾಯ ಮಾಡಿದವರೇ ಪರದೆಯ ಹಿಂದಿನ ದೀಪವಾದ ಬ್ಯಾಕ್‌ಲೈಟಿಗೆ ಒಂದು ರೆಸಿಸ್ಟರ್ ಸಿಕ್ಕಿಸಿ ಕೈತೊಳೆದುಕೊಂಡಿರುತ್ತಾರೆ. ಬ್ಯಾಟರಿ ಬೇಗ ಖಾಲಿಯಾಗಲು ಎಷ್ಟೋ ಸಲ ಅದೇ ಕಾರಣ.

ಬಿಳಿ ಎಲ್‌ಇಡಿ ಎಂದರೆ ಒಳಗೆ ನೀಲಿ ಚಿಪ್, ಮೇಲೆ ಹಳದಿ ಫಾಸ್ಫರ್. ನೀಲಿ ಚಿಪ್ ಆದ್ದರಿಂದ ಕೆಂಪು ಎಲ್‌ಇಡಿಯ ಹಾಗೆ 2 ವೋಲ್ಟಿಗೆ ತೃಪ್ತಿಪಡುವುದಿಲ್ಲ. 20 ಮಿಲಿಆಂಪಿಯರ್ ಹರಿಯಲು ಸುಮಾರು 3.0ರಿಂದ 3.4 ವೋಲ್ಟ್ ಬೇಕು. ಲಿಥಿಯಂ ಅಯಾನ್ ಸೆಲ್ ತುಂಬಿದಾಗ 4.2, ಬರಿದಾಗುವಾಗ 3.0 ವೋಲ್ಟ್. ಅಂದರೆ ಎಲ್‌ಇಡಿ ಕೇಳುವ ವೋಲ್ಟೇಜು ಸೆಲ್ ಕೊಡುವ ವೋಲ್ಟೇಜಿನ ನಡುವೆಯೇ ಬಂದು ಕೂತಿದೆ. ತಲೆನೋವು ಇಲ್ಲಿಂದಲೇ ಶುರು. ಸೆಲ್ ತುಂಬಿದಾಗ 20 ಮಿಲಿಆಂಪಿಯರ್ ಬರಲೆಂದು 50 ಓಮ್ ಹಾಕಿದಿರಿ ಅನ್ನಿ, ಸೆಲ್ 3.5ಕ್ಕೆ ಇಳಿದಾಗ ಕರೆಂಟು ಅರ್ಧಕ್ಕಿಂತ ಕೆಳಗೆ ಬಿದ್ದಿರುತ್ತದೆ. ಪರದೆ ಮಂಕಾಯಿತೆಂದು ರೆಸಿಸ್ಟರ್ ಕಡಿಮೆ ಮಾಡಿದರೆ ಚಾರ್ಜ್ ತುಂಬಿದಾಗ ಎಲ್‌ಇಡಿ ಬೇಯುತ್ತದೆ.

ಇದಕ್ಕಿಂತ ಕೆಟ್ಟ ಮದ್ದು ಇನ್ನೊಂದಿದೆ, ಮತ್ತು ಅದೇ ಹೆಚ್ಚು ಚಾಲ್ತಿಯಲ್ಲಿದೆ: ಕಾಯಿಲ್, ಡಯೋಡು ಬಳಸಿ ಸೆಲ್ಲಿನ ವೋಲ್ಟೇಜನ್ನು 5ಕ್ಕೆ ಏರಿಸಿ (ಇದೇ ಬೂಸ್ಟ್), ಅಲ್ಲಿಂದ ರೆಸಿಸ್ಟರ್ ಮೂಲಕ 3.1 ವೋಲ್ಟಿನ ಎಲ್‌ಇಡಿಗೆ ಕೊಡುವುದು. ಏರಿಸಿದ್ದನ್ನು ಮತ್ತೆ ಸುಟ್ಟು ಇಳಿಸಿದ ಹಾಗೆ. ಬೂಸ್ಟ್ 90% ದಕ್ಷತೆಯದ್ದಾದರೂ ಕೊನೆಗೆ ದೀಪಕ್ಕೆ ಸೇರುವುದು 56% ಮಾತ್ರ. ಅದೇ ಎಲ್‌ಇಡಿಯನ್ನು 3.7 ವೋಲ್ಟಿನ ಸೆಲ್ಲಿನಿಂದ ನೇರವಾಗಿ, ಕರೆಂಟನ್ನು ಮಾತ್ರ ಹಿಡಿತದಲ್ಲಿಟ್ಟು ಓಡಿಸಿದರೆ 84% ಸಿಗುತ್ತದೆ, ಕಾಯಿಲ್ಲೂ ಬೇಡ ಡಯೋಡೂ ಬೇಡ.

ಮೊದಲು ಪ್ಯಾನೆಲ್ ಒಳಗೇನಿದೆ ನೋಡಿ

ಡೇಟಾಶೀಟ್ ಇದ್ದರೆ ಎಲ್‌ಇಡಿ-ಎ (ಧನ), ಎಲ್‌ಇಡಿ-ಕೆ (ಋಣ) ಪಿನ್ನುಗಳ ವೋಲ್ಟೇಜು, ಕರೆಂಟು ಅಲ್ಲೇ ಇರುತ್ತದೆ. ಹಳೆಯ ಸಾಧನದಿಂದ ಕಿತ್ತ ಪ್ಯಾನೆಲ್ ಆದರೆ ಮೂರು 9 ವೋಲ್ಟಿನ ಬ್ಯಾಟರಿ, ಒಂದು 4.7 ಕಿಲೋಓಮ್ ರೆಸಿಸ್ಟರ್ ಸಾಕು. ರೆಸಿಸ್ಟರನ್ನು ಸರಣಿಯಲ್ಲಿಟ್ಟು ಮೊದಲು ಒಂದು ಬ್ಯಾಟರಿ, ಬೆಳಗದಿದ್ದರೆ ಎರಡು, ಆಮೇಲೆ ಮೂರು. ಮೂರೂ ಸೇರಿದರೂ ಹರಿಯುವುದು 6 ಮಿಲಿಆಂಪಿಯರಿನೊಳಗೆ, ಒಂದೇ ಎಲ್‌ಇಡಿ ಇದ್ದರೂ ಸುಡುವುದಿಲ್ಲ. ಧ್ರುವ ಮಾತ್ರ ತಿರುಗಿಸಬೇಡಿ, ಎಲ್‌ಇಡಿ ಸಾಮಾನ್ಯವಾಗಿ 5 ವೋಲ್ಟಿಗಿಂತ ಹೆಚ್ಚು ಉಲ್ಟಾ ವೋಲ್ಟೇಜು ತಡೆಯಲಾರದು.

ಬೆಳಗಿದ ಮೇಲೆ ಎ ಮತ್ತು ಕೆ ನಡುವಿನ ವೋಲ್ಟೇಜು ಅಳೆಯಿರಿ. ಇಷ್ಟು ಕಡಿಮೆ ಕರೆಂಟಿನಲ್ಲಿ ಒಂದೊಂದು ಎಲ್‌ಇಡಿಗೆ 2.7–2.8 ವೋಲ್ಟ್ ಬೀಳುತ್ತದೆ. ಮೀಟರ್ 16.5 ತೋರಿಸಿದರೆ ಸರಣಿಯಲ್ಲಿ ಆರು, 2.7 ತೋರಿಸಿದರೆ ಎಲ್ಲವೂ ಸಮಾಂತರ. ಸಮಾಂತರದಲ್ಲಿ ಎಷ್ಟಿವೆ ಎಂಬುದನ್ನು ಮೀಟರ್ ಹೇಳುವುದಿಲ್ಲ. ಕೋಣೆ ಕತ್ತಲು ಮಾಡಿ ಪ್ಯಾನೆಲ್ಲಿನ ಅಂಚನ್ನು ಓರೆಯಾಗಿ ನೋಡಿ, ಸಾಲುದೀಪದಂತೆ ಚುಕ್ಕೆಗಳು ಕಾಣುತ್ತವೆ, ಎಣಿಸಿಕೊಳ್ಳಿ.

ಎಲ್ಲವೂ ಸಮಾಂತರವಾಗಿದ್ದರೆ

ಹವ್ಯಾಸಿಗಳು ಬಳಸುವ 2.8 ಇಂಚಿನ ಟಿಎಫ್‌ಟಿ ಪರದೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಎಲ್‌ಇಡಿ ಸಮಾಂತರವಾಗಿರುತ್ತವೆ. ಇಂಥದ್ದಕ್ಕೆ ಬೂಸ್ಟ್ ಬೇಡವೇ ಬೇಡ. ಒಂದು ಎಂಸಿಪಿ6001 ಆಪ್‌ಆಂಪ್ (ಎರಡು ವೋಲ್ಟೇಜು ಹೋಲಿಸಿ ತಿದ್ದುವ ಐಸಿ), ಒಂದು ಎಒ3400 ಮಾಸ್‌ಫೆಟ್ (ಕರೆಂಟಿಗೆ ನಲ್ಲಿಯಂತಿರುವ ಟ್ರಾನ್ಸಿಸ್ಟರ್), 1.8 ಓಮ್ ರೆಸಿಸ್ಟರ್ ಸಾಕು. ಸೆಲ್ಲಿನ ಧನ ತುದಿ ನೇರವಾಗಿ ಎಲ್‌ಇಡಿ-ಎಗೆ. ಎಲ್‌ಇಡಿ-ಕೆ ಮಾಸ್‌ಫೆಟ್ಟಿನ ಡ್ರೇನಿಗೆ, ಸೋರ್ಸಿನಿಂದ ಗ್ರೌಂಡಿಗೆ 1.8 ಓಮ್. ಸೋರ್ಸಿನಿಂದ 10 ಕಿಲೋಓಮ್ ಮೂಲಕ ಆಪ್‌ಆಂಪಿನ ಮೈನಸ್ ಪಿನ್ನಿಗೆ, ಆ ಪಿನ್ನಿಂದ ಔಟ್‌ಪುಟ್‌ಗೆ 1 ನ್ಯಾನೋಫ್ಯಾರಡ್. ಔಟ್‌ಪುಟ್‌ನಿಂದ 1 ಕಿಲೋಓಮ್ ಮೂಲಕ ಗೇಟಿಗೆ. ಕೊನೆಯ ಈ ಮೂರು ಬಿಡಿಭಾಗಗಳನ್ನು ಬಿಟ್ಟರೆ ಗೇಟಿನ ಕೆಪಾಸಿಟೆನ್ಸಿಗೆ ಆಪ್‌ಆಂಪ್ ಆಸಿಲೇಟ್ ಆಗುವ ಸಂಭವ ಹೆಚ್ಚು.

ಪ್ಲಸ್ ಪಿನ್ನಿಗೆ ಮೈಕ್ರೋಕಂಟ್ರೋಲರಿನ 3.3 ವೋಲ್ಟ್ ಪಿಡಬ್ಲ್ಯುಎಂ (ವೇಗವಾಗಿ ಆನ್-ಆಫ್ ಆಗುವ ಸಿಗ್ನಲ್, ಅದರಲ್ಲಿ ಆನ್ ಇರುವ ಪಾಲೇ ಡ್ಯೂಟಿ) ಅನ್ನು 33 ಕಿಲೋಓಮ್, 1 ಕಿಲೋಓಮ್ ವಿಭಾಜಕದಿಂದ ಕೊಡಿ. 1 ಕಿಲೋಓಮಿಗೆ ಅಡ್ಡಲಾಗಿ 10 ಮೈಕ್ರೋಫ್ಯಾರಡ್. ಪ್ಲಸ್ ಪಿನ್ನಿನಲ್ಲಿರುವಷ್ಟೇ ವೋಲ್ಟೇಜು 1.8 ಓಮಿನ ಮೇಲೂ ಬೀಳುವಂತೆ ಆಪ್‌ಆಂಪ್ ಮಾಸ್‌ಫೆಟ್ಟನ್ನು ತಿದ್ದುತ್ತದೆ: 100% ಡ್ಯೂಟಿಯಲ್ಲಿ 97 ಮಿಲಿವೋಲ್ಟ್, ಅಂದರೆ 54 ಮಿಲಿಆಂಪಿಯರ್. ರೆಸಿಸ್ಟರಿನಲ್ಲಿ ಬೀಳುವುದು ಕೇವಲ 0.1 ವೋಲ್ಟ್ ಆದ್ದರಿಂದ ಸೆಲ್ 3.25ರ ಆಸುಪಾಸಿಗೆ ಇಳಿಯುವ ತನಕ ಬೆಳಕು ಕದಲುವುದಿಲ್ಲ.

ಇಲ್ಲೊಂದು ಸಣ್ಣ ಕಿತಾಪತಿ: ಆ ಆಪ್‌ಆಂಪಿನ ಆಫ್‌ಸೆಟ್ (ಹೋಲಿಸುವಾಗಿನ ಸಹಜ ದೋಷ) 4.5 ಮಿಲಿವೋಲ್ಟ್ ತನಕ ಇರಬಹುದು. ಪಿಡಬ್ಲ್ಯುಎಂ ಸೊನ್ನೆ ಮಾಡಿದರೂ 2.5 ಮಿಲಿಆಂಪಿಯರ್ ಹರಿದು ಪರದೆ ಮಿಣುಕುತ್ತಲೇ ಇರುತ್ತದೆ. ಆಪ್‌ಆಂಪಿಗೆ ಬೇಕಾದದ್ದು ಸುಮಾರು 100 ಮೈಕ್ರೋಆಂಪಿಯರ್ ತಾನೇ, ಅದರ ಸಪ್ಲೈಯನ್ನೇ ಮೈಕ್ರೋಕಂಟ್ರೋಲರಿನ ಒಂದು ಪಿನ್ನಿಂದ ಕೊಟ್ಟು, ಗೇಟಿನಿಂದ ಗ್ರೌಂಡಿಗೆ 100 ಕಿಲೋಓಮ್ ಹಾಕಿ. ಪಿನ್ ಇಳಿದರೆ ದೀಪ ಪೂರ್ತಿ ಆರುತ್ತದೆ. ಮಾಡ್ಯೂಲ್ ಬೋರ್ಡಿನಲ್ಲೇ ಬ್ಯಾಕ್‌ಲೈಟಿನ ರೆಸಿಸ್ಟರ್ ಇದ್ದರೆ ಅದನ್ನು ತೆಗೆದು ಹಾದಿ ಕೂಡಿಸುವುದನ್ನು ಮರೆಯಬೇಡಿ.

ಚಾರ್ಜ್ ಪಂಪಿನ ವಿಷಯ ಎರಡೇ ಮಾತು. ಕಾಯಿಲ್ ಇಲ್ಲದೆ ಕೆಪಾಸಿಟರಿನಿಂದಲೇ ವೋಲ್ಟೇಜು ಏರಿಸುವ ಐಸಿ ಇದು. ಆದರೆ 1.5 ಪಟ್ಟು ಏರಿಸಿದರೆ ಸೆಲ್ಲಿನಿಂದ ಎಳೆಯುವ ಕರೆಂಟೂ 1.5 ಪಟ್ಟು, 3.6 ವೋಲ್ಟಿನಲ್ಲಿ 3.2 ವೋಲ್ಟಿನ ಎಲ್‌ಇಡಿಗೆ ದಕ್ಷತೆ 59%. ಸೆಲ್ ಚೆನ್ನಾಗಿರುವಷ್ಟು ಹೊತ್ತು 1 ಪಟ್ಟಿನಲ್ಲೇ ಓಡಿ, ಕೊನೆಗೆ ಮಾತ್ರ 1.5ಕ್ಕೆ ಜಿಗಿಯುವಂಥದ್ದನ್ನೇ ಆರಿಸಿಕೊಳ್ಳಿ.

ಸರಣಿಯಾದರೆ ಬೂಸ್ಟ್

ಆರು ಎಲ್‌ಇಡಿ ಸರಣಿಯಲ್ಲಿ, 20 ಮಿಲಿಆಂಪಿಯರ್. ಇದನ್ನೇ ಪೂರ್ತಿ ಲೆಕ್ಕ ಹಾಕೋಣ. ಸರಣಿಯ ಅನುಕೂಲವೆಂದರೆ ಎಲ್ಲದರಲ್ಲೂ ಒಂದೇ ಕರೆಂಟು, ಆದ್ದರಿಂದ ಬೆಳಕು ಒಂದೇ ಸಮ.

ಐಸಿ ಟಿಪಿಎಸ್61161. ಇದರ ಫೀಡ್‌ಬ್ಯಾಕ್ ವೋಲ್ಟೇಜು (ಕರೆಂಟು ಅಳೆಯುವ ಸೆನ್ಸ್ ರೆಸಿಸ್ಟರಿನ ಮೇಲೆ ಐಸಿ ಕಾಯ್ದುಕೊಳ್ಳುವ ವೋಲ್ಟೇಜು) 200 ಮಿಲಿವೋಲ್ಟ್, ಸ್ವಿಚಿಂಗ್ 600 ಕಿಲೋಹರ್ಟ್ಸ್. 20 ಮಿಲಿಆಂಪಿಯರಿಗೆ ಸೆನ್ಸ್ ರೆಸಿಸ್ಟರ್ 10 ಓಮ್, 1%ದ್ದು. ಇನ್‌ಪುಟ್, ಔಟ್‌ಪುಟ್ ಎರಡಕ್ಕೂ 1 ಮೈಕ್ರೋಫ್ಯಾರಡ್ ಸೆರಾಮಿಕ್, ಕಾಂಪ್ ಪಿನ್ನಿಗೆ 220 ನ್ಯಾನೋಫ್ಯಾರಡ್, ಕಾಯಿಲ್ 22 ಮೈಕ್ರೋಹೆನ್ರಿ, ಡಯೋಡು ಎಂಬಿಆರ್0540.

ಔಟ್‌ಪುಟ್ 6 × 3.2 + 0.2 = 19.4 ವೋಲ್ಟ್, 20 ಮಿಲಿಆಂಪಿಯರಿಗೆ 0.388 ವಾಟ್. ದಕ್ಷತೆ 85% ಎಂದಿಟ್ಟುಕೊಂಡರೆ ಸೆಲ್ಲಿನಿಂದ 0.456 ವಾಟ್: 3.6 ವೋಲ್ಟಿನಲ್ಲಿ 127, 3.0 ವೋಲ್ಟಿನಲ್ಲಿ 152 ಮಿಲಿಆಂಪಿಯರ್. ಕಾಯಿಲ್ ಆರಿಸುವಾಗ ಈ ಕೆಳಗಿನ ವೋಲ್ಟೇಜಿನ ಲೆಕ್ಕವನ್ನೇ ಹಿಡಿಯಬೇಕು. ಅಲ್ಲಿ ಡ್ಯೂಟಿ 85%, ರಿಪಲ್ (ಕಾಯಿಲಿನ ಕರೆಂಟಿನ ಏರಿಳಿತ) ಸುಮಾರು 190 ಮಿಲಿಆಂಪಿಯರ್, ಹಾಗಾಗಿ ಶಿಖರ 250ರ ಹತ್ತಿರ. ಸ್ಯಾಚುರೇಶನ್ ಕರೆಂಟು (ಕಾಯಿಲ್ ತಾಳುವ ಶಿಖರ) 0.5 ಆಂಪಿಯರ್ ಇರುವ ಕಾಯಿಲ್ ತಗೊಂಡರೆ ನಿಶ್ಚಿಂತೆ. ಅದಕ್ಕಿಂತ ಮುಖ್ಯ ಅದರ ಡಿಸಿ ರೆಸಿಸ್ಟೆನ್ಸ್. 0.5 ಓಮ್ ಇದ್ದರೆ 152 ಮಿಲಿಆಂಪಿಯರಿಗೆ 12 ಮಿಲಿವಾಟ್ ನಷ್ಟ. ಚಿಕ್ಕದಾಗಿದೆ ಎಂದು 2 ಓಮಿನ ಕಾಯಿಲ್ ಹಾಕಿದರೆ 46 ಮಿಲಿವಾಟ್, ಇನ್‌ಪುಟ್‌ನ ಹತ್ತನೇ ಒಂದು ಭಾಗ ಕಾಯಿಲಿನಲ್ಲೇ ಹೋಯಿತು.

ಡಯೋಡಿನ ಜಾಗಕ್ಕೆ ಡಬ್ಬಿಯಲ್ಲಿ ಸಿಕ್ಕ 1ಎನ್4007 ಹಾಕಬೇಡಿ. 600 ಕಿಲೋಹರ್ಟ್ಸಿನಲ್ಲಿ ಡಯೋಡು ತೆರೆದಿರುವ ಹೊತ್ತೇ ಸುಮಾರು 0.25 ಮೈಕ್ರೋಸೆಕೆಂಡ್, 1ಎನ್4007 ಮುಚ್ಚಿಕೊಳ್ಳಲು ಅದಕ್ಕಿಂತ ಹೆಚ್ಚು ಸಮಯ ತಗೊಳ್ಳುತ್ತದೆ. ಮುಂದೆ ಹೋದದ್ದು ಹಿಂದೆ ಬರುತ್ತದೆ, ಡಯೋಡು ಬಿಸಿಯಾಗುತ್ತದೆ, ದೀಪ ಮಂಕು.

ಔಟ್‌ಪುಟ್ ಕೆಪಾಸಿಟರ್ 50 ವೋಲ್ಟಿನದು, 0805 ಗಾತ್ರ, ಎಕ್ಸ್7ಆರ್ ಇರಲಿ. 25 ವೋಲ್ಟಿನ ಪುಟ್ಟ ಸೆರಾಮಿಕ್ಕಿಗೆ 19 ವೋಲ್ಟ್ ಕೊಟ್ಟರೆ ಅದರ ಕೆಪಾಸಿಟೆನ್ಸ್ ಅರ್ಧಕ್ಕಿಂತಲೂ ಕೆಳಗೆ ಕುಸಿಯಬಹುದು. ಮೇಲೆ 1 ಮೈಕ್ರೋಫ್ಯಾರಡ್ ಎಂದು ಬರೆದಿದೆ ಎಂಬ ಸಮಾಧಾನ ಮಾತ್ರ ಉಳಿಯುತ್ತದೆ.

ಟಿಪಿಎಸ್61161 ಎರಡು ಮಿಲಿಮೀಟರ್ ಚೌಕದ ಕಾಲಿಲ್ಲದ ಐಸಿ, ಹಾಟ್ ಏರ್ ಇಲ್ಲದೆ ಬೆಸುಗೆ ಕಷ್ಟ. ಕೈ ಬೆಸುಗೆಗೆ ಎಂಟಿ3608 ಸುಲಭ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಸಿಗುತ್ತದೆ. ಅದರ ಫೀಡ್‌ಬ್ಯಾಕ್ 0.6 ವೋಲ್ಟ್, ಆದ್ದರಿಂದ ಸೆನ್ಸ್ 30 ಓಮ್. 19 ವೋಲ್ಟಿನ ಸರಣಿಗೆ ಇದರಿಂದಾಗುವ ನಷ್ಟ 3%, ಸಹಿಸಬಹುದು. ಸಹಿಸಲಾಗದ್ದು ಬೇರೆ: ಎಲ್‌ಇಡಿ ತಂತಿ ಕಿತ್ತು ಹೋದರೆ ಇದು ವೋಲ್ಟೇಜು ಏರಿಸುತ್ತಲೇ ಹೋಗಿ ತನ್ನ 28 ವೋಲ್ಟಿನ ಮಿತಿ ದಾಟಿ ಸಾಯುತ್ತದೆ. ಔಟ್‌ಪುಟ್‌ನಿಂದ ಫೀಡ್‌ಬ್ಯಾಕ್ ಪಿನ್ನಿಗೆ 24 ವೋಲ್ಟಿನ ಝೀನರ್ (ಅಷ್ಟು ವೋಲ್ಟೇಜು ದಾಟಿದರೆ ಕರೆಂಟು ಹರಿಯಬಿಡುವ ಡಯೋಡು), ಆ ಪಿನ್ನಿಂದ ಸೆನ್ಸ್ ರೆಸಿಸ್ಟರಿಗೆ 1 ಕಿಲೋಓಮ್ ಹಾಕಿ. ತಂತಿ ಕಿತ್ತರೂ 24.6ಕ್ಕೆ ನಿಲ್ಲುತ್ತದೆ. ಇನ್ನು ಪ್ರೀಸೆಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಇರುವ ನೀಲಿ ಎಂಟಿ3608 ಮಾಡ್ಯೂಲನ್ನು 19.2 ವೋಲ್ಟಿಗೆ ತಿರುಗಿಸಿಟ್ಟು ಎಲ್‌ಇಡಿಗೆ ನೇರ ಕೊಡುವವರಿಗೆ ಒಂದು ಮಾತು: ಎಲ್‌ಇಡಿ ಬಿಸಿಯಾದಂತೆ ಅದು ಕೇಳುವ ವೋಲ್ಟೇಜು ಇಳಿಯುತ್ತದೆ, ಕರೆಂಟು ಏರುತ್ತದೆ, ಇನ್ನಷ್ಟು ಬಿಸಿ. ಹಿಡಿಯಬೇಕಾದ್ದು ಕರೆಂಟು, ವೋಲ್ಟೇಜಲ್ಲ.

ಬೋರ್ಡ್ ಮಾಡುವಾಗ ಐಸಿಯ ಸ್ವಿಚ್ ಪಿನ್, ಡಯೋಡು, ಔಟ್‌ಪುಟ್ ಕೆಪಾಸಿಟರ್, ಗ್ರೌಂಡ್ ಈ ಸುತ್ತು ಆದಷ್ಟು ಬಿಗಿಯಾಗಿರಲಿ. ಟಚ್ ಪ್ಯಾನೆಲಿನ ತಂತಿ ಸ್ವಿಚ್ ಪಿನ್ನಿನ ಪಕ್ಕ ಹಾದುಹೋದರೆ ಮುಟ್ಟದೇ ಇದ್ದಾಗಲೂ ಪರದೆ ಒತ್ತಿದ ಹಾಗಾಗುತ್ತದೆ.

ಮಂಕು ಮಾಡುವುದರಲ್ಲೇ ದೊಡ್ಡ ಉಳಿತಾಯ

ಮೇಲಿನ ಆರು ಎಲ್‌ಇಡಿಯ ಸರ್ಕಿಟ್ 3.7 ವೋಲ್ಟ್, 1000 ಮಿಲಿಆಂಪಿಯರ್ ಅವರ್ ಸೆಲ್ಲಿನಲ್ಲಿ ಬ್ಯಾಕ್‌ಲೈಟನ್ನು ಮಾತ್ರ ಓಡಿಸಿದರೆ 8 ಗಂಟೆ ಬರುತ್ತದೆ. ದಕ್ಷತೆಯನ್ನು 85ರಿಂದ 90%ಕ್ಕೆ ಏರಿಸಲು ಒದ್ದಾಡಿದರೆ ಅರ್ಧ ಗಂಟೆ ಹೆಚ್ಚು. ಕರೆಂಟನ್ನು 10 ಮಿಲಿಆಂಪಿಯರಿಗೆ ಇಳಿಸಿದರೆ ಹೆಚ್ಚುಕಡಿಮೆ ದುಪ್ಪಟ್ಟು, ಕಣ್ಣಿಗೆ ಬೆಳಕು ಅರ್ಧವಾದಂತೆ ಅನ್ನಿಸುವುದೂ ಇಲ್ಲ. ಅಲ್ಲದೆ ಕಡಿಮೆ ಕರೆಂಟಿನಲ್ಲಿ ಎಲ್‌ಇಡಿ ಪ್ರತಿ ವಾಟಿಗೆ ಕೊಡುವ ಬೆಳಕು ಹೆಚ್ಚು. ಮಟ್ಟಗಳನ್ನು 20, 40, 60 ಎಂದು ಸಮನಾಗಿ ಹಂಚದೆ 3, 10, 25, 50, 100% ಎಂದಿಡಿ; ಕಣ್ಣಿಗೆ ಅದೇ ಸಮ ಹೆಜ್ಜೆ.

ಟಿಪಿಎಸ್61161ರ ಸಿಟಿಆರ್‌ಎಲ್ ಪಿನ್ನಿಗೆ 5ರಿಂದ 100 ಕಿಲೋಹರ್ಟ್ಸಿನ ಪಿಡಬ್ಲ್ಯುಎಂ ಕೊಡಿ, 20 ಕಿಲೋಹರ್ಟ್ಸ್ ಒಳ್ಳೆಯದು. ಐಸಿ ಅದನ್ನು ಒಳಗೇ ಸೋಸಿ 200 ಮಿಲಿವೋಲ್ಟನ್ನೇ ಕಡಿಮೆ ಮಾಡುತ್ತದೆ, ದೀಪ ಮಿನುಗುವುದಿಲ್ಲ. ಈ ಪಿನ್ 2.5 ಮಿಲಿಸೆಕೆಂಡ್ ಕೆಳಗಿದ್ದರೆ ಐಸಿ ಮಲಗುತ್ತದೆ. ಆದ್ದರಿಂದ 200 ಹರ್ಟ್ಸಿನ ಪಿಡಬ್ಲ್ಯುಎಂ ಕೊಟ್ಟು ಡ್ಯೂಟಿ ಅರ್ಧಕ್ಕಿಂತ ಇಳಿಸಿದರೆ ಪ್ರತಿ ಸುತ್ತಿಗೂ ಅದು ಮಲಗಿ ಏಳುತ್ತಾ ಪರದೆ ಹುಚ್ಚಾಪಟ್ಟೆ ಮಿನುಗುತ್ತದೆ. ಐಸಿ ಕೆಟ್ಟಿದೆ ಎಂದು ಬದಲಿಸುವ ಮುಂಚೆ ಇದನ್ನು ನೋಡಿ.

ಬೇರೆ ಐಸಿಗಳ ಎನೇಬಲ್ ಪಿನ್ನನ್ನೇ ಕೆಲವು ನೂರು ಹರ್ಟ್ಸಿನಲ್ಲಿ ಬಡಿದರೆ ಸೆರಾಮಿಕ್ ಕೆಪಾಸಿಟರ್ ಕಂಪಿಸಿ ಜೀರುಂಡೆಯಂತೆ ಕಿರುಗುಟ್ಟುತ್ತದೆ. ಬೆರಳ ತುದಿಯಿಂದ ಬೋರ್ಡನ್ನು ಒತ್ತಿದಾಗ ಸದ್ದು ಬದಲಾದರೆ ಅದೇ ಕಾರಣ.

ಅಳತೆ

ಎಲ್‌ಇಡಿ ಕರೆಂಟಿಗೆ ತಂತಿ ಕತ್ತರಿಸಬೇಕಿಲ್ಲ, ಸೆನ್ಸ್ ರೆಸಿಸ್ಟರಿನ ಎರಡು ತುದಿಗೆ ಮೀಟರ್ ಇಡಿ: 10 ಓಮಿನಲ್ಲಿ 200 ಮಿಲಿವೋಲ್ಟ್ ಎಂದರೆ 20 ಮಿಲಿಆಂಪಿಯರ್. ಸೆಲ್ಲಿನ ಕಡೆ ಮೀಟರಿನ ಮಿಲಿಆಂಪಿಯರ್ ರೇಂಜ್ ಬಳಸಿದರೆ ಅದರ ಫ್ಯೂಸು, ಒಳಗಿನ ಶಂಟ್ ರೆಸಿಸ್ಟರಿನಲ್ಲೇ ವೋಲ್ಟೇಜು ಬಿದ್ದು ಲೆಕ್ಕ ತಪ್ಪುತ್ತದೆ. 0.1 ಓಮ್ ರೆಸಿಸ್ಟರ್ ಸರಣಿಯಲ್ಲಿಟ್ಟು ಅದರ ಮಿಲಿವೋಲ್ಟ್ ಓದಿ, 12.7 ಬಂದರೆ 127 ಮಿಲಿಆಂಪಿಯರ್. ಸೆಲ್ಲಿನ ವೋಲ್ಟೇಜನ್ನು ಈ ರೆಸಿಸ್ಟರಾದ ಮೇಲೆ, ಇನ್‌ಪುಟ್ ಕೆಪಾಸಿಟರಿನ ಮೇಲೆಯೇ ಅಳೆಯಿರಿ.

ಬೂಸ್ಟ್ ಆಫ್ ಮಾಡಿದರೂ ದೀಪ ಉರಿಯುತ್ತಿದ್ದರೆ ಸರಣಿಯಲ್ಲಿ ಒಂದೇ ಎಲ್‌ಇಡಿ ಇದೆ ಎಂದರ್ಥ. ಸೆಲ್ಲಿನಿಂದ ಕಾಯಿಲ್, ಡಯೋಡು ದಾಟಿ ಎಲ್‌ಇಡಿಯ ತನಕ ದಾರಿ ಯಾವಾಗಲೂ ತೆರೆದೇ ಇರುತ್ತದೆ. ಎರಡು ಎಲ್‌ಇಡಿ ಇದ್ದರೆ 4.2 ವೋಲ್ಟ್ ಸಾಲದೆ ಆರುತ್ತದೆ, ಒಂದಕ್ಕೆ ಧಾರಾಳ ಸಾಕು. ಅಂಥ ಪ್ಯಾನೆಲ್ಲಿಗೆ ಮೇಲೆ ಹೇಳಿದ ಆಪ್‌ಆಂಪ್ ಸರ್ಕಿಟ್ಟೇ ಸರಿ.