ಆಟಿಸಂ ಇರುವ ಮಗುವಿಗೆ ಸರ್ಕಾರದ ನೆರವು: ಎಲ್ಲಿಂದ ಆರಂಭಿಸಬೇಕು?

ಕರ್ನಾಟಕದಲ್ಲಿ ಆಟಿಸಂ ಇರುವ ಮಕ್ಕಳಿಗೆ ಮೀಸಲಾದ ಹಣ ಒಂದೇ ಕಚೇರಿಯಿಂದ ಬರುವುದಿಲ್ಲ. ಆದರೆ ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು ಯುಡಿಐಡಿ ಕಾರ್ಡನ್ನೇ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯನ್ನೇ. ಆದ್ದರಿಂದ ‘ಸ್ವಾವಲಂಬನ್’ ಜಾಲತಾಣದಲ್ಲಿ ಅರ್ಜಿ ಸಲ್ಲಿಸುವುದು ಮೊದಲ ಕೆಲಸ. ಮಗುವಿನ ಹೆಸರು ಆಧಾರ್‌ನಲ್ಲಿರುವಂತೆಯೇ ಇರಲಿ. ಒಂದು ಇನಿಷಿಯಲ್ ಹೆಚ್ಚುಕಡಿಮೆಯಾದರೂ ಮುಂದೆ ಅಲೆದಾಟ ತಪ್ಪಿದ್ದಲ್ಲ.

ಬಳಿಕ ವೈದ್ಯಕೀಯ ಮೌಲ್ಯಮಾಪನ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವಿಧದ ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅದನ್ನು ಅಳೆಯಲು ಬಳಸುವ ಭಾರತೀಯ ಮಾಪಕದಲ್ಲಿ 40 ಅಂಶಗಳಿದ್ದು, ಪ್ರತಿಯೊಂದಕ್ಕೂ 1ರಿಂದ 5 ಅಂಕ ನೀಡಲಾಗುತ್ತದೆ. ಸೌಲಭ್ಯಗಳಿಗೆ ಸಾಮಾನ್ಯವಾಗಿ ಶೇ 40ರಷ್ಟು ವೈಕಲ್ಯ ಇರಬೇಕು. ಆಸ್ಪತ್ರೆಯ ಅಪರಿಚಿತ ಕೋಣೆಯಲ್ಲಿ ಮಗು ಅಂದು ಸುಮ್ಮನೆ ಕುಳಿತುಬಿಡಬಹುದು. ಹೀಗಾಗಿ ಹೆಸರು ಹಿಡಿದು ಕರೆದರೂ ತಿರುಗಿ ನೋಡದಿರುವುದು, ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುವುದು, ರಾತ್ರಿ ಎಷ್ಟು ಹೊತ್ತಿಗೆ ಎದ್ದು ಕೂರುತ್ತದೆ ಎಂಬುದನ್ನೆಲ್ಲ ಎರಡು ವಾರ ನೋಟ್‌ಬುಕ್ಕಿನಲ್ಲಿ ಬರೆದು, ಮೊಬೈಲ್‌ನಲ್ಲಿ ಚಿಕ್ಕ ವಿಡಿಯೊಗಳನ್ನೂ ಮಾಡಿಕೊಂಡು ಹೋಗುವುದು ಜಾಣತನ. ಮೌಲ್ಯಮಾಪನದ ಬಳಿಕ ಸಿಗುವ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅವಧಿ ಇದ್ದರೆ ಆ ದಿನಾಂಕವನ್ನು ಗುರುತು ಹಾಕಿಕೊಳ್ಳಿ.

ಕಾರ್ಡ್ ಬಂದ ಮೇಲೆ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.

ಹೆಚ್ಚಿನ ಪೋಷಕರು ಕೇಳದೇ ಬಿಡುವುದು ಪಂಚಾಯಿತಿಯ ಹಣವನ್ನು. ಸ್ಥಳೀಯ ಸಂಸ್ಥೆಗಳು ಶೇ 5ರಷ್ಟು ಹಣವನ್ನು ಅಂಗವಿಕಲರಿಗಾಗಿ ಮೀಸಲಿಡಬೇಕು. ಬಾಯಿಮಾತಿನಲ್ಲಿ ಕೇಳಿದರೆ ‘ನೋಡೋಣ’ ಎಂಬ ಉತ್ತರವೇ ಸಿಗುವುದು; ಆದ್ದರಿಂದ ಕ್ರಿಯಾ ಯೋಜನೆ ಸಿದ್ಧವಾಗುವ ಮೊದಲೇ, ಮಗುವಿಗೆ ಬೇಕಾದ ಥೆರಪಿ ಅಥವಾ ಸಾಧನವನ್ನು ಹೆಸರಿಸಿ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಶಿಶು ಕೇಂದ್ರಿತ ಸಹಾಯಧನ ಪೋಷಕರ ಕೈಗೆ ಬರುವುದಿಲ್ಲ; ವಿಶೇಷ ಶಾಲೆ ನಡೆಸುವ ಸ್ವಯಂಸೇವಾ ಸಂಸ್ಥೆಗೆ ಮಕ್ಕಳ ಲೆಕ್ಕದಲ್ಲಿ ಸಂದಾಯವಾಗುತ್ತದೆ. ಶಾಲೆಗೆ ಸೇರಿಸುವ ಮುನ್ನ ಆ ಅನುದಾನ ಇದೆಯೇ, ಇದ್ದರೂ ಶುಲ್ಕ ಏಕೆ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಇವುಗಳ ಜೊತೆಗೆ ಕೇಂದ್ರದ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ನೀಡುತ್ತದೆ. ಥೆರಪಿಯ ಖರ್ಚಿನ ಒಂದು ಪಾಲೂ ಅದರಲ್ಲಿ ಸೇರುವುದರಿಂದ ಪ್ರತಿ ರಸೀದಿಯನ್ನೂ ತೆಗೆದಿಡಿ.