ವಾರ್‌ಗೇಮ್ ಮಾಡ್ತಿದ್ದೀರಾ? ಅಂಡೂ ಎಲ್ಲಿವರೆಗೆ ಕೊಡ್ಬೇಕು ಅಂತ ಹೀಗೆ ತೀರ್ಮಾನ ಮಾಡಿ

ಟರ್ನ್ ಬೇಸ್ಡ್ ವಾರ್‌ಗೇಮ್ (ಒಬ್ಬರಾದ್ಮೇಲೆ ಒಬ್ಬರು ನಡೆ ಹಾಕೋ ಯುದ್ಧದ ಆಟ) ಮಾಡೋಕೆ ಕೂತವರಿಗೆ ಈ ಪ್ರಶ್ನೆ ಬಂದೇ ಬರತ್ತೆ, ಆಡೋರಿಗೆ ನಡೆ ವಾಪಸ್ ತಗೊಳ್ಳೋಕೆ (ಅದೇ ಅಂಡೂ) ಬಿಡ್ಬೇಕಾ ಬೇಡ್ವಾ ಅಂತ. ಬಿಡ್ಲೇಬೇಕು ಅಂತೀನಿ ನಾನು, ಆದ್ರೆ ಒಂದು ಗೆರೆ ತನಕ ಮಾತ್ರ. ಆ ನಡೆಯಿಂದ ಆಟಗಾರನಿಗೆ ಹೊಸದೇನಾದ್ರೂ ಗೊತ್ತಾಯ್ತಾ ಅಂತ ಕೇಳ್ಕೊಳ್ಳಿ. ಗೊತ್ತಾಗಿಲ್ವಾ, ಎಷ್ಟು ಸಲ ಬೇಕಾದ್ರೂ ವಾಪಸ್ ತಗೊಳ್ಲಿ. ಗೊತ್ತಾಯ್ತಾ, ಅಲ್ಲಿಗೆ ಮುಗೀತು.

ಇದನ್ನ ಕಣ್ಣಾರೆ ನೋಡ್ಬೇಕಂದ್ರೆ ಬ್ಯಾಟಲ್ ಫಾರ್ ವೆಸ್ನಾತ್ ಇಳಿಸ್ಕೊಳ್ಳಿ, 2003ರಿಂದ ಇರೋ ಓಪನ್ ಸೋರ್ಸ್ ಆಟ, ದುಡ್ಡೇನೂ ಕೊಡ್ಬೇಕಾಗಿಲ್ಲ. ಫಾಗ್ (ನಿಮ್ಮ ಸೈನಿಕರಿಗೆ ಕಾಣದ ಜಾಗ ಮುಚ್ಚೋ ಮಬ್ಬು) ಆಫ್ ಮಾಡ್ಕೊಂಡು ಒಬ್ಬ ಕುದುರೆ ಸವಾರನ್ನ ಪಕ್ಕದ ಹಳ್ಳಿಗೆ ಕಳಿಸಿ, ಹಳ್ಳಿ ಮೇಲೆ ನಿಮ್ಮ ಬಾವುಟ ಏರತ್ತೆ. ಈಗ ಕೀಬೋರ್ಡಲ್ಲಿ ಯು ಒತ್ತಿ, ಅದೇ ಅಂಡೂ. ಸವಾರ ಹೊರಟ ಜಾಗಕ್ಕೇ ಬಂದು ನಿಲ್ತಾನೆ, ಬಾವುಟ ಇಳಿಯತ್ತೆ, ನಡೆಯೋಕೆ ಖರ್ಚಾದ ಮೂವ್‌ಮೆಂಟ್ ಪಾಯಿಂಟೂ ವಾಪಸ್ ಬರತ್ತೆ. ಆಮೇಲೆ ಫಾಗ್ ಆನ್ ಮಾಡ್ಕೊಂಡು ಹಾಗೇ ಕಳಿಸಿ ನೋಡಿ, ದಾರೀಲಿ ಮಬ್ಬು ಸರಿದು ಹೊಸ ಹೆಕ್ಸ್ (ಮ್ಯಾಪಿನ ಆರು ಮೂಲೆಯ ಮನೆ) ಕಾಣಿಸ್ತು ಅಂದ್ರೆ ಆ ನಡೆಗೆ ಅಂಡೂ ಇಲ್ಲ. ಕಾಡಲ್ಲಿ ಅಡಗಿದ್ದ ಎಲ್ವಿಶ್ ರೇಂಜರ್ ಅನ್ನೋ ಶತ್ರು ಸೈನಿಕ ಅಡ್ಡ ಬಂದು ಸವಾರ ಅರ್ಧ ದಾರೀಲೇ ನಿಂತ್ರೂ ಅಷ್ಟೇ, ಯಾರ ಮೇಲಾದ್ರೂ ದಾಳಿ ಮಾಡಿದ್ರೂ ಅಷ್ಟೇ.

ಇದನ್ನ ಕೋಡಲ್ಲಿ ತರೋದು ಕಷ್ಟ ಏನಿಲ್ಲ. ಪ್ರತಿ ನಡೆಯನ್ನೂ ಒಂದು ಸ್ಟ್ಯಾಕ್‌ಗೆ ಹಾಕ್ತಾ ಹೋಗಿ (ಒಂದರ ಮೇಲೊಂದು ಪೇರಿಸೋ ಪಟ್ಟಿ, ಕೊನೇಗೆ ಹಾಕಿದ್ದು ಮೊದಲು ಹೊರಗೆ ಬರತ್ತೆ), ಯೂನಿಟ್ (ಸೈನಿಕ ಅಥವಾ ತುಕಡಿ) ಯಾವ ಹೆಕ್ಸಿಂದ ಹೊರಡ್ತು, ಎಷ್ಟು ಪಾಯಿಂಟ್ ಉಳಿದಿತ್ತು, ಯಾವ ಕಡೆ ಮುಖ ಮಾಡಿತ್ತು, ಇಂಧನ ಲೆಕ್ಕ ಇದ್ರೆ ಅದು, ಹಿಡಿದ ಹಳ್ಳಿ ಅದಕ್ಕೆ ಮುಂಚೆ ಯಾರ ಕೈಲಿತ್ತು, ಇಷ್ಟೂ ಇರ್ಲಿ (ಕೊನೇದು ಬಿಟ್ಟುಹೋದ್ರೆ ಎದುರಾಳಿ ಹಳ್ಳಿ ಅಂಡೂ ಆದ್ಮೇಲೆ ಯಾರದ್ದೂ ಅಲ್ಲ ಅಂತಾಗಿಬಿಡತ್ತೆ). ಇನ್ನು ಸ್ಟ್ಯಾಕ್ ಪೂರ್ತಿ ಖಾಲಿ ಮಾಡೋದು ಯಾವಾಗ ಅಂದ್ರೆ, ರ‍್ಯಾಂಡಮ್ ನಂಬರ್ (ದಾಳ ಉರುಳಿಸಿದ ಹಾಗೆ ಅದೃಷ್ಟದಿಂದ ಬರೋ ಸಂಖ್ಯೆ) ಒಂದನ್ನ ಎತ್ತಿದಾಗ, ಅಡಗಿದ್ದದ್ದು ಹೊರಗೆ ಬಂದಾಗ, ಮಬ್ಬಲ್ಲಿದ್ದ ಒಂದೇ ಒಂದು ಹೆಕ್ಸ್ ತೆರೆದಾಗ. ಆ ಹೆಕ್ಸಲ್ಲಿ ಯಾರೂ ಇಲ್ದೇ ಇದ್ರೂ ಖಾಲಿ ಮಾಡಿ ದಯವಿಟ್ಟು, ಯಾಕಂದ್ರೆ ಅಲ್ಲಿ ಶತ್ರು ಇಲ್ಲ ಅಂತ ತಿಳಿಯೋದೂ ದೊಡ್ಡ ಸುದ್ದೀನೇ, ಅದನ್ನ ಪುಕ್ಕಟೆ ಕೊಟ್ರೆ ಜನ ಎಲ್ಲಾ ದಿಕ್ಕಿಗೂ ಕುದುರೆ ಓಡಿಸಿ ನೋಡ್ಕೊಂಡು ವಾಪಸ್ ಕರೆಸ್ತಾರೆ, ಗಸ್ತು ಪಡೆಗೆ ಬೆಲೆನೇ ಇರಲ್ಲ.

ಇಲ್ಲೊಂದು ಸೌಜನ್ಯ ಬೇಕು. ನಡೆ ಹಾಕೋಕೆ ಮುಂಚೆನೇ, ದಾರಿ ತೋರಿಸೋ ಗೆರೆ ಮೇಲೆ, ಯಾವ ಹೆಕ್ಸಿಂದ ಮುಂದಕ್ಕೆ ವಾಪಸ್ ಬರೋಕಾಗಲ್ಲ ಅಂತ ಬೇರೆ ಬಣ್ಣದಲ್ಲಿ ಗುರುತು ಹಾಕಿ. ನಡೆ ಆದ್ಮೇಲೆ ಅಂಡೂ ಬಟನ್ ಸುಮ್ನೆ ಬೂದು ಬಣ್ಣಕ್ಕೆ ತಿರುಗಿದ್ರೆ ಆಡೋರಿಗೆ ಮೋಸ ಹೋದಂಗೆ ಅನ್ಸತ್ತೆ.

ಯುದ್ಧದಲ್ಲಿ ಅಂಡೂ ಎಲ್ಲಿದೆ ಸ್ವಾಮಿ ಅಂತ ಕೇಳೋರು ಇದ್ದಾರೆ. ಅವರು 1824ರ ಪ್ರಷ್ಯಾದ ಕ್ರೀಗ್‌ಸ್ಪೀಲ್ ಅನ್ನೋ ಯುದ್ಧದ ಆಟದ ಕಡೆ ನೋಡ್ಬೇಕು, ರೈಸ್‌ವಿಟ್ಜ್ ಅನ್ನೋ ಸೇನಾಧಿಕಾರಿ ರೂಪಿಸಿದ್ದು. ಅದರಲ್ಲಿ ಆಡೋರು ಆರ್ಡರ್ ಬರೆದು ಅಂಪೈರ್‌ಗೆ ಕೊಡ್ತಿದ್ರು, ಅದನ್ನ ನೋಡಿ ಮ್ಯಾಪ್ ಮೇಲೆ ಏನಾಯ್ತು ಅಂತ ಹೇಳೋದು ಅಂಪೈರ್ ಕೆಲಸ. ಚೀಟಿ ಕೊಡೋವರೆಗೂ ಎಷ್ಟು ಬೇಕಾದ್ರೂ ಹೊಡೆದು ತಿದ್ದಿ ಬರೀಬಹುದು, ಕೊಟ್ಮೇಲೆ ಆ ಆರ್ಡರ್ ಹೊರಟ ಹಾಗೇನೇ. ಬೆರಳು ಜಾರಿ ಪಕ್ಕದ ಹೆಕ್ಸ್ ಒತ್ತಿದ್ದಕ್ಕೆ ಒಂದು ರೆಜಿಮೆಂಟೇ ಹೊಳೆಗೆ ಇಳೀತು ಅಂದ್ರೆ ಅದು ರಿಯಲಿಸಂ ಅಲ್ಲ, ಅದು ಕೆಟ್ಟ ಇಂಟರ್‌ಫೇಸ್.

ಅಂಡೂ ಕೊಡದೇ ಇದ್ರೆ ಮುಂಚೆ ಉಳಿಸಿಟ್ಟ ಸೇವನ್ನ ಮತ್ತೆ ಲೋಡ್ ಮಾಡ್ತಾರಲ್ಲ ಅಂದ್ರೆ, ಹೌದು ಮಾಡ್ತಾರೆ. 2012ರ ಎಕ್ಸ್‌ಕಾಮ್ ಎನಿಮಿ ಅನ್‌ನೋನ್ ಅದಕ್ಕೇ ರ‍್ಯಾಂಡಮ್ ಸೀಡನ್ನ (ಅದೃಷ್ಟದ ಸಂಖ್ಯೆಗಳೆಲ್ಲಾ ಹುಟ್ಟೋ ಮೂಲ ಸಂಖ್ಯೆ) ಸೇವ್ ಜೊತೆನೇ ಇಡ್ತಿತ್ತು, ಲೋಡ್ ಮಾಡಿ ಅದೇ ಗುಂಡು ಹಾರಿಸಿದ್ರೆ ಮತ್ತೆ ಅದೇ ಫಲಿತಾಂಶ. ಇನ್ನೂ ಬಿಗಿ ಬೇಕು ಅನ್ನೋರಿಗೆ ಒಂದೇ ಸೇವ್ ಇರೋ ಐರನ್‌ಮ್ಯಾನ್ ಮೋಡ್ ಇತ್ತು. ಸೀಡ್ ಉಳಿಸೋದನ್ನ ನೀವೂ ಮಾಡಿ, ಐರನ್‌ಮ್ಯಾನ್ ಮಾತ್ರ ಬೇಕಾದವರು ಆರಿಸ್ಕೊಳ್ಳೋ ಹಾಗೆ ಇರ್ಲಿ.

ನಿಮ್ಮ ಆಟದಲ್ಲಿ ಅದೃಷ್ಟದ ಪಾಲು ಕಮ್ಮಿ, ಶತ್ರು ಏನು ಮಾಡ್ತಾನೆ ಅಂತ ಮೊದಲೇ ತೋರಿಸ್ತೀರಿ ಅಂದ್ರೆ ಇನ್ನಷ್ಟು ಧಾರಾಳವಾಗಿರಿ. 2018ರ ಇನ್‌ಟು ದ ಬ್ರೀಚ್‌ನಲ್ಲಿ 8x8 ಮನೆಗಳ ಬೋರ್ಡು, ಯಾರು ಎಲ್ಲಿ ಹೊಡೀತಾರೆ ಅಂತ ಕಣ್ಣೆದುರಿಗೇ ಇರತ್ತೆ, ಹೊಡೆಯೋಕೆ ಮುಂಚೆ ನಡೆ ವಾಪಸ್ ತಗೊಳ್ಬಹುದು, ಅದ್ರ ಮೇಲೆ ಒಂದು ಕಾಳಗಕ್ಕೆ ಒಂದು ಸಲ ಪೂರ್ತಿ ಟರ್ನನ್ನೇ ಮತ್ತೆ ಶುರು ಮಾಡ್ಬಹುದು. ಒಂದೇ ಸಲ ಸಿಗೋದಲ್ವಾ, ಈಗ ಬಳಸ್ಲಾ ಆಮೇಲೆ ಬಳಸ್ಲಾ ಅನ್ನೋದೇ ಒಂದು ತಂತ್ರ ಆಗ್ಬಿಡತ್ತೆ.

ಇಬ್ಬರು ಆಡೋ ಆಟಕ್ಕೆ ಅಂಡೂ ಎಂಡ್ ಟರ್ನ್ ಒತ್ತೋವರೆಗೆ ಮಾತ್ರ, ಅದಾದ್ಮೇಲೆ ಬೇಕಂದ್ರೆ ಎದುರಾಳಿ ಒಪ್ಬೇಕು. ಫಾಗ್ ಲೆಕ್ಕ ಸರ್ವರಲ್ಲೇ ಆಗ್ಲಿ, ಆಡೋರ ಕಂಪ್ಯೂಟರಲ್ಲಿ ಆದ್ರೆ ಮಬ್ಬಲ್ಲಿರೋದನ್ನ ಕದ್ದು ನೋಡ್ಬಹುದು.

ಕೊನೆಗೆ ಒಬ್ಬ ಗೆಳೆಯನ್ನ ಕೂರಿಸಿ ಆಡಿಸಿ, ಅಂಡೂ ಯಾವಾಗ ಒತ್ತುತಾನೆ ಅಂತ ಪಕ್ಕದಲ್ಲಿ ಕೂತು ಬರ್ಕೊಳ್ಳಿ. ನಡೆ ಹಾಕಿದ ತಕ್ಷಣ ಒತ್ತಿದ್ರೆ ಹೆಕ್ಸ್ ಆರಿಸೋದೇ ಕಷ್ಟ ಆಗ್ತಿರ್ಬಹುದು, ಕ್ಲಿಕ್ ಮಾಡೋ ಜಾಗ ದೊಡ್ಡದು ಮಾಡಿ ನೋಡಿ. ಶತ್ರು ಕಾಣಿಸಿದ ಮೇಲೆ ಒತ್ತಿ ಅದು ಕೆಲಸ ಮಾಡ್ತು ಅಂದ್ರೆ ಫಾಗ್ ಚೆಕ್ ಎಲ್ಲೋ ತಪ್ಪಿದೆ, ಅದನ್ನ ಮೊದಲು ಸರಿ ಮಾಡಿ.