ಇಟಾಲಿಯನ್ ಕ್ರಿಯಾಪದಗಳ ಕೈಪಿಡಿಯನ್ನು ಬಳಸುವ ಬಗೆ

ಮಂಗಳೂರು, ಉಡುಪಿ, ಮಣಿಪಾಲದ ಕಡೆಯಿಂದ ಉನ್ನತ ವ್ಯಾಸಂಗಕ್ಕೆ ಇಟಲಿಗೆ ಹೊರಡುವ ವಿದ್ಯಾರ್ಥಿಗಳಾಗಲಿ, ದೇವಶಾಸ್ತ್ರದ ಅಧ್ಯಯನಕ್ಕೆ ರೋಮ್‌ಗೆ ತೆರಳುವ ಧರ್ಮಗುರುಗಳು ಮತ್ತು ಧರ್ಮಭಗಿನಿಯರಾಗಲಿ, ಕ್ರಿಯಾಪದಗಳ ಕೋಷ್ಟಕಗಳಿರುವ ಕೈಪಿಡಿಯೊಂದನ್ನು ಕೊಂಡುಕೊಳ್ಳುವುದು ಒಳ್ಳೆಯ ನಿರ್ಧಾರವೇ. ಪುಟಕ್ಕೊಂದು ಕ್ರಿಯಾಪದ, ಅದರ ಎಲ್ಲ ಕಾಲಗಳ ರೂಪಗಳು, ಕೊನೆಯಲ್ಲಿ ನೂರಾರು ಕ್ರಿಯಾಪದಗಳ ಸೂಚಿ ಮತ್ತು ಪ್ರತಿಯೊಂದರ ಮುಂದೆ ಅದು ಯಾವ ಮಾದರಿಯಂತೆ ನಡೆಯುತ್ತದೆ ಎಂಬ ಸಂಖ್ಯೆ: ಇಂಥ ಪುಸ್ತಕಗಳ ಸಾಮಾನ್ಯ ರಚನೆ ಇದು. ಆದರೆ ಶಾಲೆಯಲ್ಲಿ ಮಗ್ಗಿ ಕಲಿತಂತೆ ಇದನ್ನು ಮೊದಲ ಪುಟದಿಂದ ಬಾಯಿಪಾಠ ಮಾಡಲು ಕುಳಿತವರು ಕೆಲವೇ ಪುಟಗಳಲ್ಲಿ ದಣಿಯುತ್ತಾರೆ. ಓದುವಾಗ ಎದುರಾದ ಒಂದು ರೂಪವನ್ನು ಹಿಡಿದು ಕೈಪಿಡಿಯ ಒಳಗೆ ಹೋಗಬೇಕು, ಅಲ್ಲಿ ಯಾವ ರೂಪದಿಂದ ಯಾವ ರೂಪ ಹುಟ್ಟುತ್ತದೆ ಎಂಬುದನ್ನು ಕಂಡುಕೊಂಡು ಹೊರಬರಬೇಕು.

ನಮ್ಮೂರಿನದೇ ಒಂದು ಉದಾಹರಣೆಯನ್ನು ನೋಡೋಣ. ಇಟಲಿಯ ಜೆಸ್ವಿಟರು 1880ರಲ್ಲಿ ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನ ಗೋಡೆ, ಮಾಡುಗಳನ್ನು ಚಿತ್ರಗಳಿಂದ ತುಂಬಿದವರು ಅದೇ ದೇಶದ ಕಲಾವಿದ ಆಂತೋನಿಯೊ ಮೊಸ್ಕೇನಿ. ‘ಮೊಸ್ಕೇನಿ ಚಾಪೆಲ್ಲನ್ನು ಚಿತ್ರಿಸಿದರು’ ಎಂಬುದನ್ನು ಇಟಾಲಿಯನ್ನಿನಲ್ಲಿ ‘ಮೊಸ್ಕೇನಿ ದಿಪಿನ್ಸೆ ಲಾ ಕಪ್ಪೆಲ್ಲ’ ಎಂದು ಬರೆಯಬಹುದು. ಸೂಚಿಯಲ್ಲಿ ‘ದಿಪಿನ್ಸೆ’ ಸಿಗುವುದಿಲ್ಲ. ‘ತಂದನು’ ಎಂಬುದರ ಅರ್ಥ ಬೇಕಾದಾಗ ನಾವು ನಿಘಂಟಿನಲ್ಲಿ ‘ತರು’ ಎಂಬಲ್ಲಿಗೆ ಹೋಗುವ ಹಾಗೆಯೇ ಇಲ್ಲಿಯೂ ಮೂಲರೂಪವನ್ನು ಊಹಿಸಬೇಕು, ಅಥವಾ ಅನಿಯಮಿತ ರೂಪಗಳ ಪ್ರತ್ಯೇಕ ಪಟ್ಟಿ ಇದ್ದರೆ ಅದನ್ನು ನೋಡಬೇಕು. ಅಂಥ ಪಟ್ಟಿ ಇರುವ ಕೈಪಿಡಿಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಮೂಲರೂಪ ‘ದಿಪಿಂಜೆರೆ’. ಅದರ ಮಾದರಿಯ ಪುಟ ತೆರೆದು, ಕಥನದಲ್ಲಿ ಬಳಕೆಯಾಗುವ ಭೂತಕಾಲವಾದ ಪಸ್ಸಾತೊ ರೆಮೋತೊದ ಆರು ಸಾಲುಗಳನ್ನು ನೋಡಿದರೆ ಹೀಗೆ ಕಾಣುತ್ತದೆ: ದಿಪಿನ್ಸಿ, ದಿಪಿಂಜೆಸ್ತಿ, ದಿಪಿನ್ಸೆ, ದಿಪಿಂಜೆಮ್ಮೊ, ದಿಪಿಂಜೆಸ್ತೆ, ದಿಪಿನ್ಸೆರೊ. ‘ನಾನು’, ‘ಅವನು ಅಥವಾ ಅವಳು’, ‘ಅವರು’ ಎಂಬ ಮೂರು ಕಡೆ ಮಾತ್ರ ಧಾತು ಬದಲಾಗಿದೆ. ಉಳಿದ ಮೂರು ಕಡೆ ಮೂಲರೂಪದ ಧಾತುವೇ ಇದೆ. ಬರೆಯುವುದು ಎಂಬ ಅರ್ಥದ ‘ಸ್ಕ್ರೀವೆರೆ’ಯೂ ಇದೇ ದಾರಿಯಲ್ಲಿ ನಡೆದು ‘ಸ್ಕ್ರಿಸ್ಸಿ, ಸ್ಕ್ರಿವೆಸ್ತಿ, ಸ್ಕ್ರಿಸ್ಸೆ’ ಎಂದಾಗುತ್ತದೆ. ಈ ವಿನ್ಯಾಸವನ್ನು ಒಮ್ಮೆ ಗುರುತಿಸಿದವರಿಗೆ ‘ನಾನು’ ರೂಪವೊಂದು ಗೊತ್ತಿದ್ದರೆ ಉಳಿದ ಐದನ್ನು ತಾವೇ ಕಟ್ಟಿಕೊಳ್ಳಲು ಬರುತ್ತದೆ.

ಇಡೀ ಕೈಪಿಡಿಯನ್ನು ಹೀಗೆಯೇ ಓದಬಹುದು. ಹೊಸ ಕ್ರಿಯಾಪದ ಎದುರಾದಾಗ ಪುಟದಲ್ಲಿರುವ ಎಲ್ಲ ರೂಪಗಳನ್ನು ನಕಲು ಮಾಡದೆ, ಐದು ರೂಪಗಳನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಮೂಲರೂಪ, ವರ್ತಮಾನದ ‘ನಾನು’ ರೂಪ, ಭೂತ ಕೃದಂತ, ಪಸ್ಸಾತೊ ರೆಮೋತೊದ ‘ನಾನು’ ರೂಪ, ಭವಿಷ್ಯತ್ತಿನ ‘ನಾನು’ ರೂಪ. ಬರುವುದು ಎಂಬ ಅರ್ಥದ ‘ವೆನೀರೆ’ಗೆ ಅವು ವೆನೀರೆ, ವೆಂಗೊ, ವೆನೂತೊ, ವೆನ್ನಿ, ವೆರ್ರೊ ಎಂದಾಗುತ್ತವೆ. ‘ವೆಂಗೊ’ದಿಂದ ಕೊಂಜುಂತೀವೊ ಎಂಬ ಸಂಭಾವನಾರ್ಥದ ‘ವೆಂಗ’ ಬರುತ್ತದೆ. ‘ಹೇಳುತ್ತೇನೆ’ ಎಂಬ ಅರ್ಥದ ‘ದೀಕೊ’ದಿಂದ ‘ದೀಕ’, ‘ಮಾಡುತ್ತೇನೆ’ ಎಂಬ ಅರ್ಥದ ‘ಫಚ್ಚೊ’ದಿಂದ ‘ಫಚ್ಚ’ ಬರುವುದೂ ಹಾಗೆಯೇ. ‘ವೆರ್ರೊ’ ಗೊತ್ತಿದ್ದರೆ ‘ಬಂದೇನು’ ಎಂಬ ಭಾವದ ‘ವೆರ್ರೆಯಿ’ ಕಲಿಯಲು ಬೇರೆ ಶ್ರಮ ಬೇಡ, ಏಕೆಂದರೆ ಭವಿಷ್ಯತ್ತಿಗೂ ಈ ಭಾವದ ಕೊಂದಿತ್ಸಿಯೊನಾಲೆ ಎಂಬ ರೂಪಕ್ಕೂ ಧಾತು ಒಂದೇ. ಇಂಪೆರ್ಫೆತ್ತೊ ಎಂಬ ಅಪೂರ್ಣ ಭೂತಕಾಲ ಬಹುಮಟ್ಟಿಗೆ ನಿಯಮಿತ. ಎಸ್ಸೆರೆ ಎಂಬ ‘ಇರು’ ಧಾತುವನ್ನು ಮಾತ್ರ ಪೂರ್ತಿಯಾಗಿ ಬಾಯಿಪಾಠ ಮಾಡಬೇಕು. ವರ್ತಮಾನಕಾಲದ ಆರೂ ರೂಪಗಳನ್ನು ಮಾತ್ರ ಪ್ರತಿ ಅನಿಯಮಿತ ಕ್ರಿಯಾಪದಕ್ಕೂ ಗಟ್ಟಿಯಾಗಿ ಹೇಳಿ ಕಲಿಯುವುದು ಅನಿವಾರ್ಯ.

ಪುಟದ ಬಲಭಾಗದಲ್ಲಿ ಸಾಮಾನ್ಯವಾಗಿ ಸಂಯುಕ್ತ ಕಾಲಗಳಿರುತ್ತವೆ. ನೋಡಲು ಹೆದರಿಕೆ ಹುಟ್ಟಿಸುವ ಈ ಅರ್ಧ ಭಾಗವನ್ನು ಪ್ರತ್ಯೇಕವಾಗಿ ಕಲಿಯುವ ಅಗತ್ಯವೇ ಇಲ್ಲ, ಏಕೆಂದರೆ ಇಂದಿಕಾತೀವೊ ಎಂಬ ನಿಶ್ಚಯಾರ್ಥದ ಎಂಟು ಕಾಲಗಳಲ್ಲಿ ನಾಲ್ಕು ಕೇವಲ ಸಹಾಯಕ ಕ್ರಿಯಾಪದ ಮತ್ತು ಕೃದಂತದ ಜೋಡಣೆ. ಇಲ್ಲಿ ಗಮನಿಸಬೇಕಾದದ್ದು ಸಹಾಯಕ ಯಾವುದು ಎಂಬುದೊಂದೇ: ‘ಹೊಂದಿರು’ ಎಂಬ ಅರ್ಥದ ಆವೇರೆಯೋ ಎಸ್ಸೆರೆಯೋ? ಹೋಗು, ಬರು, ತಲಪು, ಹುಟ್ಟು, ಸಾಯು ಎಂಬಂಥವಕ್ಕೆ ಎಸ್ಸೆರೆ ಬರುತ್ತದೆ, ಮತ್ತು ಆಗ ಕೃದಂತವು ಕರ್ತೃವಿನ ಲಿಂಗ, ವಚನಗಳನ್ನು ಅನುಸರಿಸುತ್ತದೆ. ‘ನಿನ್ನೆ ಮಲ್ಪೆಗೆ ಹೋದೆ’ ಎಂದು ಹುಡುಗಿ ಹೇಳುವಾಗ ‘ಇಯೇರಿ ಸೋನೊ ಅಂದಾತ ಆ ಮಲ್ಪೆ’ ಎನ್ನುತ್ತಾಳೆ, ಹುಡುಗ ‘ಅಂದಾತೊ’ ಎನ್ನುತ್ತಾನೆ. ‘ಹೋದನು, ಹೋದಳು’ ಎಂದು ಕ್ರಿಯಾಪದದಲ್ಲೇ ಲಿಂಗ ತೋರಿಸುವ ನಮಗೆ ಇದು ಹೊಸದಲ್ಲ. ಆದರೆ ನಮ್ಮಲ್ಲಿ ‘ಮಾತನಾಡಿದಳು’ ಎಂದೂ ಇರುವುದರಿಂದ, ಆವೇರೆ ಬರುವ ಕಡೆಯೂ ‘ಆ ಪರ್ಲಾತ’ ಎಂದುಬಿಡುವ ಅಪಾಯವಿದೆ. ಅಲ್ಲಿ ಅವಳಾದರೂ ಅವನಾದರೂ ‘ಆ ಪರ್ಲಾತೊ’ ಎಂದೇ ಆಗಬೇಕು. ಆದ್ದರಿಂದ ಚೀಟಿಯಲ್ಲಿ ಕೃದಂತದ ಪಕ್ಕದಲ್ಲಿ ಸಹಾಯಕವನ್ನೂ ಬರೆದಿಡಿ.

ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲೇ ಗುರುತು ಮಾಡಿಕೊಳ್ಳುವುದು ನಮಗಿರುವ ದೊಡ್ಡ ಅನುಕೂಲ, ಅದನ್ನು ಬಿಟ್ಟುಕೊಡಬಾರದು. ಅಲ್ಲಿನ ತ, ದ ನಮ್ಮ ದಂತ್ಯ ಅಕ್ಷರಗಳೇ. ಟ, ಡ ಎಂದು ಬರೆಯಬೇಡಿ. ದ್ವಿತ್ವವನ್ನು ಒತ್ತಕ್ಷರದಿಂದ ಖಚಿತವಾಗಿ ತೋರಿಸಬಹುದು, ಮತ್ತು ಅದನ್ನು ಕಡೆಗಣಿಸಿದರೆ ಅರ್ಥವೇ ಬದಲಾಗುತ್ತದೆ: ‘ಪರ್ಲೆರೇಮೊ’ ಎಂದರೆ ನಾವು ಮಾತನಾಡುವೆವು, ‘ಪರ್ಲೆರೆಮ್ಮೊ’ ಎಂದರೆ ನಾವು ಮಾತನಾಡಿಯೇವು. ಕೋಷ್ಟಕದಲ್ಲಿ ಉಚ್ಚಾರದ ಒತ್ತು, ಅಂದರೆ ದನಿಯ ಬಲ, ಯಾವ ಅಕ್ಷರದ ಮೇಲೆ ಎಂಬುದು ಮುದ್ರಿತವಾಗದಿದ್ದರೆ ಆಡಿಯೊ ಕೇಳಿ ಗುರುತು ಹಾಕಿ. ‘ಪರ್ಲಾತೆ’ಯಲ್ಲಿ ಒತ್ತು ನಡುವೆ ಬರುತ್ತದೆ, ಆದರೆ ‘ಅವರು’ ರೂಪದ ‘ಪರ್ಲನೊ’ದಲ್ಲಿ ಮೊದಲ ಅಕ್ಷರದ ಮೇಲಿರುತ್ತದೆ, ‘ತೆಲೇಫೊನನೊ’ದಲ್ಲಂತೂ ಕೊನೆಯಿಂದ ನಾಲ್ಕನೆಯ ಅಕ್ಷರಕ್ಕೆ ಹೋಗುತ್ತದೆ.

ಆರೆ, ಏರೆ, ಈರೆ ಎಂದು ಕೊನೆಗೊಳ್ಳುವ ಮೂರು ಗಣಗಳಲ್ಲಿ ಮೂರನೆಯದು ಎರಡಾಗಿ ಒಡೆಯುತ್ತದೆ ಎಂಬುದು ಸೂಚಿಯ ಸಂಖ್ಯೆಯಿಂದಲೇ ತಿಳಿಯುತ್ತದೆ: ಮಲಗಿ ನಿದ್ರಿಸುವುದು ಎಂಬ ಅರ್ಥದ ‘ದೊರ್ಮೀರೆ’ಯಿಂದ ‘ದೊರ್ಮೊ’ ಬಂದರೆ, ಮುಗಿಸುವುದು ಎಂಬ ಅರ್ಥದ ‘ಫಿನೀರೆ’ಯಿಂದ ‘ಫಿನಿಸ್ಕೊ’ ಬರುತ್ತದೆ.

ಕೊನೆಯದಾಗಿ ಗೌರವದ ವಿಷಯ. ‘ನೀವು’ ಎನ್ನುವಾಗ ನಾವು ಬಹುವಚನವನ್ನು ಬಳಸುತ್ತೇವೆ. ಇಟಾಲಿಯನ್ನಿನಲ್ಲಿ ಗೌರವಕ್ಕೆ ‘ಲೇಯಿ’ ಎಂದು ಹೇಳಿ ಪ್ರಥಮಪುರುಷ ಏಕವಚನದ, ಅಂದರೆ ‘ಅವಳು’ ಎಂಬ ಸಾಲಿನ ರೂಪವನ್ನು ಬಳಸಬೇಕು. ಕೋಷ್ಟಕದಲ್ಲಿ ಇದಕ್ಕೆ ಬೇರೆ ಸಾಲು ಇರುವುದಿಲ್ಲವಾದ್ದರಿಂದ ಮೂರನೆಯ ಸಾಲಿನ ಪಕ್ಕದಲ್ಲಿ ನೀವೇ ‘ಗೌರವ’ ಎಂದು ಬರೆದುಕೊಳ್ಳಿ. ಆಜ್ಞಾರ್ಥದಲ್ಲಿ ಮಾತ್ರ ಈ ಗೌರವ ರೂಪವು ಕೊಂಜುಂತೀವೊದಿಂದ ಬರುತ್ತದೆ: ಗೆಳೆಯನಿಗೆ ‘ವ್ಯೇನಿ’, ಪ್ರಾಧ್ಯಾಪಕರಿಗೆ ‘ವೆಂಗ’, ಹಲವರಿಗೆ ‘ವೆನೀತೆ’.